ಗಾಳದ ಕೊನೆಯ ಮೂರಡಿ

ಹಿಮಾಚಲ ಪ್ರದೇಶದ ಹೊಳೆಗಳಲ್ಲಿ ನವೆಂಬರ್‌ನಿಂದ ಫೆಬ್ರವರಿ ಮುಗಿಯುವ ತನಕ ಟ್ರೌಟ್ ಹಿಡಿಯುವಂತಿಲ್ಲ. ಮಾರ್ಚ್ ಹತ್ತಿರವಾಗುತ್ತಿದ್ದಂತೆ ನನಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ರಾಡು ಕೊಂಡಾಯಿತು, ರೀಲು ಬಂತು, ಹಸಿರು ಬಣ್ಣದ ಲೈನನ್ನೂ ಸುತ್ತಿಟ್ಟಾಯಿತು, ಆದರೆ ಅದರ ತುದಿಗೆ ಕಟ್ಟುವ ಲೀಡರ್ ಯಾವುದು ತರಿಸಲಿ? ಒಂದು ಪೊಟ್ಟಣದ ಮೇಲೆ ‘9 ಅಡಿ, 5ಎಕ್ಸ್’ ಎಂದಿದೆ, ಇನ್ನೊಂದರ ಮೇಲೆ ‘12 ಅಡಿ, 6ಎಕ್ಸ್’ ಎಂದಿದೆ, ಪಕ್ಕದಲ್ಲಿ ದುಬಾರಿ ಬೆಲೆಯ ಫ್ಲೋರೋಕಾರ್ಬನ್ ಬೇರೆ ಇದೆ. ಬೆಂಗಳೂರಿನಿಂದ ತೀರ್ಥನ್ ಕಣಿವೆಗೆ ಹೊರಟವರು ಕೇಳುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ವಾರದ ಕೊನೆಗೆ ಹೊಳೆ ಹುಡುಕುವ ಕನ್ನಡಿಗರೂ ಕೇಳುತ್ತಾರೆ. ತೇಜಸ್ವಿಯವರನ್ನು ಓದಿ ಗಾಳದ ಗೀಳು ಹತ್ತಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ ಟಂಗೂಸಿ ದಾರ ಗೊತ್ತು, ಕೊಕ್ಕೆ ಗೊತ್ತು, ಗುಂಡು ಗೊತ್ತು. ತುದಿಗೆ ಹೋದಂತೆ ಸಣ್ಣದಾಗುತ್ತಾ ಹೋಗುವ ಈ ಎಳೆ ಮಾತ್ರ ಹೊಸದು.

ಈ ಪತ್ರಗಳ ಹಿಂದೆ ಹೆಚ್ಚುಕಡಿಮೆ ಒಂದೇ ನಂಬಿಕೆ ಇರುತ್ತದೆ. ಎಳೆ ಸಣ್ಣದಾದಷ್ಟೂ ಮೀನಿನ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದಷ್ಟೂ ಮೀನು ಕಚ್ಚುತ್ತದೆ ಎಂಬುದು. ಅಂಗಡಿಗಳೂ ಹೀಗೇ ಹೇಳಿ ಮಾರುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. 14ನೇ ನಂಬರಿನ ಒಂದು ಫ್ಲೈಯನ್ನು, ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಕಟ್ಟಿದ ಹುಳುವನ್ನು, ಬೆರಳ ಮೇಲಿಟ್ಟುಕೊಂಡು ನೋಡಿ. ಅದರ ಕೊಕ್ಕೆಯ ತಂತಿ ಅದಕ್ಕೆ ಕಟ್ಟುವ ಎಳೆಗಿಂತ ಎರಡು ಪಟ್ಟಿಗೂ ದಪ್ಪ. ಅದು ಹೊಟ್ಟೆಯ ಕೆಳಗೆ ಬಾಗಿ ನೀರಿನೊಳಗೆ ಎದ್ದು ಕಾಣುತ್ತಿರುತ್ತದೆ. ಅಷ್ಟು ದಪ್ಪನೆಯ ತಂತಿಯನ್ನು ಲೆಕ್ಕಕ್ಕಿಡದೆ ಬಾಯಿ ಹಾಕುವ ಟ್ರೌಟು, ಕೂದಲಿನಂಥ ಎಳೆಯನ್ನು ಕಂಡೊಡನೆ ಹೆದರಿ ಹಿಂದಿರುಗುತ್ತದೆ ಎನ್ನುವುದಕ್ಕೆ ಹುರುಳಿಲ್ಲ. ಅದು ಹಿಂದಿರುಗುವುದು ಬಹಳ ಸಲ ಬೇರೆ ಕಾರಣಕ್ಕೆ. ಆ ಕಾರಣ ತಿಳಿದರೆ ಯಾವ ಪೊಟ್ಟಣ ಕೊಳ್ಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಲೀಡರ್‌ನ ಕೆಲಸವೇನು ಎಂದು ನೋಡೋಣ. ನಮ್ಮ ಕೆರೆ ಗಾಳದಲ್ಲಿ ಗುಂಡಿನ ಭಾರ ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಗಾಳದಲ್ಲಿ ಇದು ತಿರುವುಮುರುವು. ಗರಿ, ಕೂದಲು, ನೂಲು ಸುತ್ತಿ ಕಟ್ಟಿದ ಹುಳುವಿಗೆ ಭಾರವೇ ಇಲ್ಲ, ಅದನ್ನು ಕೈಯಿಂದ ಬೀಸಿ ಎಸೆದರೆ ನಾಲ್ಕಡಿಯೂ ಹೋಗದು. ಆದ್ದರಿಂದ ಭಾರವನ್ನು ಲೈನಿಗೇ ಕೊಟ್ಟಿರುತ್ತಾರೆ. ಪ್ಲಾಸ್ಟಿಕ್ ಲೇಪದ, ತುದಿಯಲ್ಲಿಯೂ ಸುಮಾರು ಒಂದು ಮಿಲಿಮೀಟರ್ ದಪ್ಪವಿರುವ ಲೈನು ಗಾಳಿಯಲ್ಲಿ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಆ ಲೈನಿಗೆ ನೇರವಾಗಿ ಫ್ಲೈ ಕಟ್ಟಿದರೆ ಅದು ಧಪ್ಪನೆ ನೀರಿಗೆ ಬೀಳುತ್ತದೆ. ಲೈನಿನ ತುದಿಗೆ ಏಕಾಏಕಿ ಸಣ್ಣ ಎಳೆ ಕಟ್ಟಿದರೆ ಎಸೆತದ ರಭಸ ಗಂಟಿನ ಬಳಿಯೇ ಸತ್ತುಹೋಗಿ ಎಳೆ ಮುದ್ದೆಯಾಗಿ ಬೀಳುತ್ತದೆ. ಎತ್ತಿನ ಗಾಡಿಯವನ ಬಾರುಕೋಲನ್ನು ನೆನೆಸಿಕೊಳ್ಳಿ. ಹಿಡಿಯ ಬಳಿ ದಪ್ಪ, ಬರಬರುತ್ತಾ ಸಣ್ಣ, ಆದ್ದರಿಂದಲೇ ಕೈಯ ಚಿಕ್ಕ ಅಲುಗಾಟ ತುದಿಯವರೆಗೂ ತಲುಪುತ್ತದೆ. ಲೀಡರ್‌ನಲ್ಲಿಯೂ ಹಾಗೆಯೇ. ಲೈನಿಗೆ ಅಂಟಿಕೊಳ್ಳುವ ಬುಡ ಅರ್ಧ ಮಿಲಿಮೀಟರ್‌ಗೆ ಚೂರು ಹೆಚ್ಚು ದಪ್ಪವಿದ್ದು ಬಿಗುವಾಗಿರುತ್ತದೆ, ನಡುವೆ ಇಳಿಯುತ್ತಾ ಬರುತ್ತದೆ, ಕೊನೆಯ ಎರಡು ಮೂರು ಅಡಿ ಒಂದೇ ಸಮನೆ ಸಣ್ಣಗಿರುತ್ತದೆ. ಆ ಕೊನೆಯ ಭಾಗವೇ ಟಿಪ್ಪೆಟ್. ಪ್ರತಿ ಸಲ ಫ್ಲೈ ಬದಲಿಸುವಾಗ ಸವೆಯುವುದು, ತುಂಡಾಗುವುದು ಅದೇ. ಹಾಗಾಗಿ ಅದನ್ನು ಬೇರೆ ಸ್ಪೂಲಿನಲ್ಲಿ ಕೊಂಡುಕೊಂಡು ಮತ್ತೆ ಮತ್ತೆ ಕಟ್ಟುತ್ತೇವೆ. ಬುಡ ಮತ್ತು ನಡುಭಾಗ ಬಹಳ ಕಾಲ ಬಾಳುತ್ತವೆ.

ತುದಿಗೆ ಸಣ್ಣದಾಗಿಸುವ ಈ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಮೀನು ಹಿಡಿಯುವುದರ ಬಗೆಗಿನ ತನ್ನ ಪುಸ್ತಕ ಪ್ರಕಟಿಸಿದ 1653ರಲ್ಲಿ ಗಾಳದ ದಾರವೆಂದರೆ ಕುದುರೆ ಬಾಲದ ಕೂದಲು. ರಾಡಿನ ಬಳಿ ಹಲವು ಕೂದಲು ಸೇರಿಸಿ ಹೊಸೆದು, ಕೊಕ್ಕೆಯ ಹತ್ತಿರ ಬರುವಷ್ಟರಲ್ಲಿ ಎರಡಕ್ಕೋ ಒಂದಕ್ಕೋ ಇಳಿಸುತ್ತಿದ್ದರು. ಅದಾದ ಮೇಲೆ ಬಂದದ್ದು ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರಿಗೆ ಆಸಕ್ತಿಯಾಗಬೇಕಾದ ವಸ್ತು. ನಾವು ಹುಳುವನ್ನು ಗೂಡು ಕಟ್ಟಲು ಬಿಟ್ಟು, ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತೇವೆ. ಸ್ಪೇನಿನ ಮುರ್ಸಿಯಾದಲ್ಲಿ ಗಾಳದ ಎಳೆಗಾಗಿ ರೇಷ್ಮೆಹುಳು ಸಾಕುತ್ತಿದ್ದವರು ಗೂಡು ಕಟ್ಟುವ ತನಕ ಕಾಯುತ್ತಿರಲಿಲ್ಲ. ಹಣ್ಣಾದ ಹುಳುವನ್ನು ವಿನೆಗರ್‌ನಲ್ಲಿ ನೆನೆಹಾಕಿ, ಹೊಟ್ಟೆಯೊಳಗಿನ ರೇಷ್ಮೆ ಗ್ರಂಥಿಯನ್ನು ಹೊರತೆಗೆದು, ಎರಡು ಕೈಯಲ್ಲಿ ಹಿಡಿದು ಒಂದೇ ಸಲಕ್ಕೆ ಎಳೆಯುತ್ತಿದ್ದರು. ನೂರಾರು ಮೀಟರ್ ನೂಲಾಗಬೇಕಿದ್ದ ರೇಷ್ಮೆ ಒಂದೂ ಒಂದೂವರೆ ಅಡಿಯ ಗಟ್ಟಿ ಎಳೆಯಾಗಿ ನಿಲ್ಲುತ್ತಿತ್ತು. ಅಂಥ ತುಂಡುಗಳನ್ನು ದಪ್ಪದ ಕ್ರಮದಲ್ಲಿ ಗಂಟು ಹಾಕಿದರೆ ಅದೇ ಲೀಡರ್. ಒಣಗಿದಾಗ ಅದು ಪಟ್ಟನೆ ಮುರಿಯುವ ಸ್ವಭಾವದ್ದು. ಹಾಗಾಗಿ ಒದ್ದೆ ಬಟ್ಟೆ ಹಾಸಿದ ಚಪ್ಪಟೆ ಡಬ್ಬಿಯಲ್ಲಿಟ್ಟು ನೆನೆಸಿಕೊಂಡೇ ಹೊಳೆಗೆ ಹೊರಡುತ್ತಿದ್ದರು.

ಇಂದಿನ ಎಕ್ಸ್ ಲೆಕ್ಕ ಹುಟ್ಟಿದ್ದು ಆ ರೇಷ್ಮೆ ಎಳೆಯಿಂದಲೇ. ಸಹಜ ದಪ್ಪಕ್ಕಿಂತ ಸಣ್ಣದು ಬೇಕಾದಾಗ ಎಳೆಯನ್ನು ಗಟ್ಟಿ ಅಚ್ಚಿನ ತೂತಿನಲ್ಲಿ ತೂರಿಸಿ ಎಳೆದು ಹೆರೆಯುತ್ತಿದ್ದರು. ಒಂದು ಸಲ ಹೆರೆದದ್ದು 1ಎಕ್ಸ್, ಇನ್ನೂ ಸಣ್ಣ ತೂತಿನಲ್ಲಿ ಮತ್ತೊಮ್ಮೆ ಎಳೆದದ್ದು 2ಎಕ್ಸ್. ಡುಪಾಂಟ್ ಕಂಪನಿ 1938ರಲ್ಲಿ ನೈಲಾನನ್ನು ಜಗತ್ತಿಗೆ ಪರಿಚಯಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ರೇಷ್ಮೆ ಎಳೆ ಮರೆಯಾಯಿತು, ಲೆಕ್ಕ ಮಾತ್ರ ಉಳಿದುಕೊಂಡಿತು. ಆದ್ದರಿಂದಲೇ ಎಕ್ಸ್ ಹೆಚ್ಚಾದಷ್ಟೂ ಎಳೆ ಸಣ್ಣ. ದಪ್ಪ ತಿಳಿಯಲು ಸುಲಭದ ದಾರಿ ಇದೆ. 11ರಿಂದ ಎಕ್ಸ್ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದು ಅಂಗುಲದ ಸಾವಿರದ ಭಾಗಗಳಲ್ಲಿ ಎಳೆಯ ದಪ್ಪ. 4ಎಕ್ಸ್ ಎಂದರೆ 0.007 ಅಂಗುಲ, ಅಂದರೆ ಸುಮಾರು 0.18 ಮಿಲಿಮೀಟರ್. 5ಎಕ್ಸ್ 0.15, 6ಎಕ್ಸ್ 0.13ರ ಹತ್ತಿರ. ಸ್ಪೂಲಿನ ಮೇಲೆ ಎಕ್ಸ್ ಜೊತೆಗೆ ಎಷ್ಟು ಕಿಲೋ ತಡೆಯುತ್ತದೆ ಎಂದೂ ಮುದ್ರಿಸಿರುತ್ತಾರೆ. ನೀವು ನೋಡಬೇಕಾದದ್ದು ಮಿಲಿಮೀಟರ್. ಅದು ಕಂಪನಿಯಿಂದ ಕಂಪನಿಗೆ ಬದಲಾಗದ ಅಳತೆ.

ಈ ದಪ್ಪದ ಹಿಂದಿರುವ ಗಣಿತ ಚೆನ್ನಾಗಿದೆ, ಸ್ವಲ್ಪ ತಾಳ್ಮೆಯಿಂದ ಓದಿ. 4ಎಕ್ಸ್ ಬಿಟ್ಟು 6ಎಕ್ಸ್ ಕಟ್ಟಿದಿರಿ ಎನ್ನಿ. ದಪ್ಪ ಮೂರನೇ ಒಂದು ಭಾಗಕ್ಕಿಂತ ಕಡಿಮೆಯೇ ಇಳಿದಿದೆ. ಆದರೆ ಎಳೆಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ಅಂದರೆ ದಪ್ಪದ ವರ್ಗವನ್ನು ಅವಲಂಬಿಸಿದೆ. ಹೀಗಾಗಿ ಅದೇ ವಸ್ತುವಿನ ಎಳೆಯಾದರೆ ಬಲ ಅರ್ಧಕ್ಕೆ ಇಳಿಯಿತು. ಬಿಗುವು ಇನ್ನೂ ವೇಗವಾಗಿ ಇಳಿಯುತ್ತದೆ. ಅದು ದಪ್ಪದ ನಾಲ್ಕನೇ ಘಾತಕ್ಕೆ ಹೊಂದಿಕೊಂಡಿರುವುದರಿಂದ ಸುಮಾರು ಕಾಲುಭಾಗಕ್ಕೆ ಬಂತು. ಅಂದರೆ 6ಎಕ್ಸ್ ಎಳೆ ನಾಲ್ಕು ಪಟ್ಟು ಮೆತ್ತಗಾಯಿತು. ಸಣ್ಣ ಎಳೆಗೆ ಮೀನು ಹೆಚ್ಚು ಬೀಳುವುದುಂಟು, ಅದನ್ನು ನಾನೂ ಕಂಡಿದ್ದೇನೆ. ಆದರೆ ಅದಕ್ಕೆ ಮುಖ್ಯ ಕಾರಣ ಈ ಮೆದುತನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೆದುತನ ಯಾಕೆ ಬೇಕು ಎನ್ನುವುದನ್ನು ಹೊಳೆಯ ದಡದಲ್ಲಿ ನಿಂತೇ ನೋಡಬೇಕು. ತೀರ್ಥನ್ ಹೊಳೆಯಲ್ಲಿ ಗುಶೈನಿಯಿಂದ ಕೆಳಗೆ ನಾಗಿನಿಯ ತನಕ ನಡೆದರೆ ಉದ್ದಕ್ಕೂ ಬಂಡೆಗಳು. ಒಂದೊಂದು ಬಂಡೆಯ ಮುಂದೆ ನೀರು ಎದೆ ಉಬ್ಬಿಸಿ ಎರಡು ಕವಲಾಗುತ್ತದೆ, ಹಿಂದೆ ಒಂದು ಚಾಪೆಯಗಲದ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಕಂದು ಟ್ರೌಟು ಇರುವುದು ಆ ನಿಂತ ನೀರಿಗೂ ಪಕ್ಕದ ಸೆಳವಿಗೂ ನಡುವಿನ ಅಂಚಿನಲ್ಲಿ. ಸೆಳವು ತಂದುಕೊಡುವ ಹುಳುವನ್ನು ಅದು ಹೆಚ್ಚು ಈಜದೆ ತಿನ್ನಬಹುದು. ಈಗ ನೀವು ಈಚೆ ದಡದಿಂದ ಎಸೆದ ಫ್ಲೈ ಆ ಅಂಚಿನ ಮೇಲೆ ಹಗುರಾಗಿ ಕೂತಿತು. ಆದರೆ ಲೀಡರ್ ಬಿದ್ದಿರುವುದು ನಡುವಿನ ರಭಸದ ನೀರಿನ ಮೇಲೆ. ಒಂದು ಕ್ಷಣ ಫ್ಲೈ ಸುಮ್ಮನೆ ತೇಲುತ್ತದೆ. ಅಷ್ಟರಲ್ಲಿ ಸೆಳವು ಲೀಡರನ್ನು ಬಿಲ್ಲಿನಂತೆ ಬಾಗಿಸಿ ಎಳೆಯುತ್ತದೆ, ಫ್ಲೈಯ ಹಿಂದೆ ನೀರಿನಲ್ಲಿ ಸೂಜಿಯಿಂದ ಗೀರಿದಂಥ ಎರಡು ಗೆರೆ ಮೂಡುತ್ತವೆ. ಕೆಳಗಿನಿಂದ ಒಂದು ಹಳದಿ ಛಾಯೆ ಮೇಲೆದ್ದು ಬಂದು, ಫ್ಲೈಯಿಂದ ಗೇಣು ದೂರದಲ್ಲಿ ನಿಂತು, ಹಾಗೆಯೇ ಹೊರಳಿ ಇಳಿದುಹೋಗುತ್ತದೆ. ಹೊಳೆಯಲ್ಲಿ ತೇಲಿ ಬರುವ ನಿಜವಾದ ಹುಳು ನೀರಿಗೆ ಅಡ್ಡಲಾಗಿ ಹೀಗೆ ಜಾರುವುದಿಲ್ಲ ಎಂಬುದು ಆ ಮೀನಿಗೆ ಗೊತ್ತು. ಇಂಗ್ಲಿಷಿನಲ್ಲಿ ಡ್ರ್ಯಾಗ್ ಎನ್ನುವ ಈ ಎಳೆತವೇ ಟ್ರೌಟ್ ಗಾಳದ ಮುಖ್ಯ ತೊಡಕು. ಕೆಲವೊಮ್ಮೆ ಅದು ಎಷ್ಟು ಸೂಕ್ಷ್ಮವೆಂದರೆ ದಡದಲ್ಲಿ ನಿಂತವರ ಕಣ್ಣಿಗೆ ಕಾಣುವುದೇ ಇಲ್ಲ, ಮೀನಿಗೆ ಕಾಣುತ್ತದೆ. ಆಗಲೇ ನಾವು ಎಳೆ ಕಂಡಿತು ಎಂದು ತೀರ್ಮಾನಿಸಿ 6ಎಕ್ಸ್‌ಗೆ, ಅಲ್ಲಿಂದ 7ಎಕ್ಸ್‌ಗೆ ಹೋಗುವುದು.

ಎಳೆತ ತಡೆಯಲು ಟಿಪ್ಪೆಟ್ ಮೆತ್ತಗಿದ್ದು ಅಂಕುಡೊಂಕಾಗಿ ಬೀಳಬೇಕು. ಆ ಡೊಂಕುಗಳನ್ನು ಸೆಳವು ಒಂದೊಂದಾಗಿ ಬಿಚ್ಚುವ ತನಕ ಫ್ಲೈ ಸ್ವತಂತ್ರವಾಗಿ ತೇಲುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫ್ಲೈ ಗಾಳ ಕಲಿಸುತ್ತಿದ್ದ ಜಾರ್ಜ್ ಹಾರ್ವೆ ಈ ಒಂದು ವಿಷಯದ ಹಿಂದೆ ಬಿದ್ದು ತನ್ನದೇ ಲೀಡರ್ ರೂಪಿಸಿದರು. ರೂಢಿಗಿಂತ ಸಣ್ಣ ಬುಡ, ಮೆತ್ತನೆಯ ತುದಿ, ಎಸೆತ ನೆಟ್ಟಗೆ ಬಿಚ್ಚಿಕೊಳ್ಳದೆ ಸಡಿಲವಾಗಿ ಬೀಳುವಂಥ ಕಟ್ಟು. ಲೀಡರ್ ಬಾಣದಂತೆ ನೆಟ್ಟಗೆ ಬೀಳಬೇಕು ಎಂದು ಹುಲ್ಲುಹಾಸಿನ ಮೇಲೆ ಅಭ್ಯಾಸ ಮಾಡಿದವರಿಗೆ ಇದು ವಿಚಿತ್ರ ಎನಿಸಬಹುದು. ಹೊಳೆಯಲ್ಲಿ ನೆಟ್ಟಗೆ ಬಿದ್ದ ಲೀಡರ್ ಮರುಕ್ಷಣವೇ ಎಳೆಯಲು ಶುರುಮಾಡುತ್ತದೆ.

ಮೆದುತನ ಪಡೆಯಲು ಎರಡು ದಾರಿ ಇವೆ. ಎಳೆಯನ್ನು ಸಣ್ಣದಾಗಿಸುವುದು ಒಂದು, ಉದ್ದವಾಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ಬಲ ಕಳೆದುಕೊಳ್ಳುತ್ತೀರಿ, ಎರಡನೆಯದರಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಎರಡಡಿಯ 4ಎಕ್ಸ್ ಟಿಪ್ಪೆಟ್ಟಿಗೆ ಬದಲಾಗಿ ಮೂರೂವರೆ ಅಡಿ ಕಟ್ಟಿ ನೋಡಿ. ಅದೇ ಬಂಡೆಯ ಹಿಂದೆ, ಅದೇ ಫ್ಲೈ, ಅದೇ ಎಸೆತದಲ್ಲಿ ಇನ್ನೆರಡು ಕ್ಷಣ ಹೆಚ್ಚು ತೇಲುತ್ತದೆ. ಬಹಳ ಸಲ ಮೀನಿಗೆ ಬೇಕಾಗುವುದು ಆ ಎರಡು ಕ್ಷಣವೇ. ನನ್ನನ್ನು ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ. ಮೀನು ಬಂದು ತಿರುಗಿ ಹೋದರೆ ಮೊದಲು ಟಿಪ್ಪೆಟ್ ಉದ್ದ ಮಾಡಿ, ನಿಂತ ಜಾಗ ಬದಲಿಸಿ, ಆಮೇಲೆ ಫ್ಲೈ ಚಿಕ್ಕದು ಮಾಡಿ, ಎಲ್ಲಕ್ಕೂ ಕೊನೆಗೆ ಎಳೆ ಸಣ್ಣದು ಮಾಡಿ. ಉದ್ದಕ್ಕೂ ಒಂದು ಮಿತಿಯಿದೆ. ಲೀಡರ್ ಪೂರ್ತಿ ಬಿಚ್ಚಿಕೊಳ್ಳದೆ ಫ್ಲೈ ಹಿಂದಕ್ಕೆ ಕುಸಿದು ಬೀಳತೊಡಗಿದರೆ, ಅಥವಾ ಎದುರುಗಾಳಿ ಬೀಸುತ್ತಿದ್ದರೆ, ಅರ್ಧ ಅಡಿ ಕತ್ತರಿಸಬೇಕು.

ಫ್ಲೈಯ ಅಳತೆಗೂ ಎಳೆಗೂ ಹೊಂದಾಣಿಕೆ ಬೇಕು ಎನ್ನುವುದು ನಿಜ. ಇದಕ್ಕೆ ಗಾಳಗಾರರ ನಡುವೆ ಒಂದು ಸರಳ ಲೆಕ್ಕ ಚಾಲ್ತಿಯಲ್ಲಿದೆ. ಫ್ಲೈಯ ನಂಬರನ್ನು 3ರಿಂದ ಭಾಗಿಸಿ, ಬಂದದ್ದೇ ಎಕ್ಸ್. 12ನೇ ನಂಬರಿಗೆ 4ಎಕ್ಸ್, 15ರ ಆಸುಪಾಸಿಗೆ 5ಎಕ್ಸ್, 18ಕ್ಕೆ 6ಎಕ್ಸ್. ಇದರಲ್ಲಿ ಒಂದು ಎಕ್ಸ್ ಆಚೀಚೆ ಆದರೆ ಏನೂ ಆಗದು. ಆದರೆ ಬಹಳ ದೂರ ಹೋದರೆ ತೊಂದರೆ. ರೆಕ್ಕೆ ದೊಡ್ಡದಿರುವ, ಪೊದೆಯಂಥ ಫ್ಲೈಗೆ 6ಎಕ್ಸ್ ಕಟ್ಟಿ ಹತ್ತು ಸಲ ಬೀಸಿದರೆ ಅದು ಗಾಳಿಯಲ್ಲಿ ಗಿರಗಿರ ತಿರುಗಿ ಟಿಪ್ಪೆಟ್ಟನ್ನು ಹುರಿಗಟ್ಟಿಸುತ್ತದೆ. 20ನೇ ನಂಬರಿನ ಸೊಳ್ಳೆಯಂಥ ಫ್ಲೈಗೆ 3ಎಕ್ಸ್ ಕಟ್ಟಿದರೆ ಎಳೆಯ ಬಿಗುವೇ ಫ್ಲೈಯನ್ನು ಆಡಿಸುತ್ತದೆ, ಕೊಕ್ಕೆಯ ಕಣ್ಣಿನಲ್ಲಿ ಎಳೆ ತೂರಿಸುವುದೂ ಕಷ್ಟ. ನೀರಿನೊಳಗೆ ಮುಳುಗಿಸುವ ನಿಂಫ್‌ಗಳಿಗೆ ಮಾತ್ರ ಸಣ್ಣ ಎಳೆಯಿಂದ ನೇರ ಲಾಭವಿದೆ. ಸಣ್ಣ ಎಳೆಯನ್ನು ನೀರು ಕಡಿಮೆ ತಳ್ಳುತ್ತದೆ, ಆದ್ದರಿಂದ ಅದೇ ತೂಕದ ನಿಂಫ್ ಬೇಗ ತಳ ಮುಟ್ಟುತ್ತದೆ. ಚಿಕ್ಕ ಮೀನಿನಂತೆ ಎಳೆದಾಡಿಸುವ ಸ್ಟ್ರೀಮರ್‌ಗೆ ಈ ಸೂಕ್ಷ್ಮವೆಲ್ಲ ಬೇಡ. ಏಳಡಿಯ ಲೀಡರ್, 2ಎಕ್ಸ್ ಅಥವಾ 3ಎಕ್ಸ್ ಸಾಕು. ಅಲ್ಲಿ ಫ್ಲೈ ಎಳೆಯಲ್ಪಡುವುದೇ ಮೀನಿಗೆ ಆಸೆ ಹುಟ್ಟಿಸುತ್ತದೆ.

ಇನ್ನು ಫ್ಲೋರೋಕಾರ್ಬನ್. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದನ್ನು ಗಾಳದ ಎಳೆಯಾಗಿ ತಂದಿತು. ಇದರ ಬಗ್ಗೆ ಹೇಳುವ ದೊಡ್ಡ ಗುಣ ನೀರಿನಲ್ಲಿ ಕಾಣಿಸದಿರುವುದು. ಬೆಳಕನ್ನು ಬಗ್ಗಿಸುವ ಪ್ರಮಾಣ ನೀರಿಗೆ 1.33, ಫ್ಲೋರೋಕಾರ್ಬನ್‌ಗೆ 1.42, ನೈಲಾನ್‌ಗೆ 1.53ರ ಸುಮಾರು. ನೀರಿಗೆ ಹತ್ತಿರವಿದ್ದಷ್ಟೂ ವಸ್ತು ನೀರಿನಲ್ಲಿ ಕರಗಿದಂತೆ ಕಾಣುತ್ತದೆ. ಲೆಕ್ಕವೇನೋ ಸರಿ. ಆದರೆ ನೀರಿನ ಮೇಲ್ಮೈಯಲ್ಲಿ ತೇಲುವ ಎಳೆಯನ್ನು ಮೀನು ಕಾಣುವುದು ಅದು ಮೇಲ್ಮೈಯನ್ನು ಅದುಮಿ ಮಾಡಿದ ಗುರುತಿನಿಂದ ಮತ್ತು ಅದರ ನೆರಳಿನಿಂದ. ಅಲ್ಲಿ ಈ ಅಂಕಿಗಳಿಗೆ ಕೆಲಸವಿಲ್ಲ. ನನಗೆ ಫ್ಲೋರೋಕಾರ್ಬನ್ ಇಷ್ಟವಾಗುವುದು ಬೇರೆ ಗುಣಗಳಿಗೆ. ಅದು ನೈಲಾನ್‌ಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ನಿಂಫ್ ಜೊತೆ ಸಲೀಸಾಗಿ ಇಳಿಯುತ್ತದೆ. ಬಂಡೆಗೆ ಉಜ್ಜಿದರೂ ಬೇಗ ಸವೆಯುವುದಿಲ್ಲ. ನೀರು ಕುಡಿಯುವುದಿಲ್ಲ, ಬಿಸಿಲಿಗೆ ಹಾಳಾಗುವುದಿಲ್ಲ. ನೈಲಾನ್ ನೀರು ಕುಡಿದು ತುಸು ಬಲ ಕಳೆದುಕೊಳ್ಳುತ್ತದೆ. ಆದರೆ ಹಾಗೆ ನೀರು ಕುಡಿದೇ ಅದು ಮೆತ್ತಗಾಗುವುದು, ತೇಲುವ ಫ್ಲೈಗೆ ಬೇಕಾದದ್ದೂ ಅದೇ. ಆದ್ದರಿಂದ ತೇಲುವ ಫ್ಲೈಗೆ ನೈಲಾನ್, ಮುಳುಗುವ ಫ್ಲೈಗೆ ಕೈಯಲ್ಲಿ ಹಣವಿದ್ದರೆ ಫ್ಲೋರೋಕಾರ್ಬನ್. ಹಣವಿಲ್ಲದಿದ್ದರೆ ಎರಡಕ್ಕೂ ನೈಲಾನ್, ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಬಿಸಿಲಿಗೂ ನೀರಿಗೂ ಜಗ್ಗದ ಆ ಗುಣವೇ ಹೊಳೆಗೆ ಕಂಟಕ. ದಡದಲ್ಲಿ ಬಿಟ್ಟ ಒಂದು ತುಂಡು ಎಷ್ಟೋ ವರ್ಷ ಹಾಗೆಯೇ ಬಿದ್ದಿರುತ್ತದೆ. ನೈಲಾನ್ ಕೂಡ ಬೇಗ ಮಾಯವಾಗುವ ವಸ್ತುವಲ್ಲ. ತೀರ್ಥನ್ ದಡದಲ್ಲಿ ಬ್ರೌನ್ ಡಿಪ್ಪರ್ ಎಂಬ ಕಂದು ಹಕ್ಕಿಯಿದೆ. ನೀರಿನೊಳಗೆ ಮುಳುಗಿ, ಕಲ್ಲುಗಳ ನಡುವೆ ನಡೆದಾಡಿ ಹುಳು ಹೆಕ್ಕುತ್ತದೆ. ನಾವು ಕತ್ತರಿಸಿ ಬಿಸಾಡಿದ ಟಿಪ್ಪೆಟ್ ತುಂಡುಗಳು ಸಿಕ್ಕಿಕೊಳ್ಳುವುದೂ ಅದೇ ಕಲ್ಲುಗಳ ಸಂದಿಯಲ್ಲಿ. ಆ ಹಕ್ಕಿಯ ಕಾಲಿಗೆ ಸುತ್ತಿಕೊಂಡ ಎಳೆಯನ್ನು ಬಿಡಿಸುವವರು ಯಾರೂ ಇರುವುದಿಲ್ಲ. ಅಂಗಿಯ ಒಂದು ಜೇಬನ್ನು ತುಂಡುಗಳಿಗೆಂದೇ ಮೀಸಲಿಡಿ, ಬೇರೆಯವರು ಬಿಟ್ಟದ್ದು ಕಂಡರೆ ಅದನ್ನೂ ಹೆಕ್ಕಿ ಜೇಬಿಗೆ ಹಾಕಿ.

ಹೊಳೆಯಿಂದ ಹೊಳೆಗೆ ಲೀಡರ್ ಬದಲಾಗುತ್ತದೆ. ಟ್ರೌಟು ನಮ್ಮ ದೇಶದ ಮೀನಲ್ಲ. ಸ್ಕಾಟ್ಲೆಂಡಿನಿಂದ 1900ರಲ್ಲಿ ಬಂದ ಮೊಟ್ಟೆಗಳಿಂದ ಕಾಶ್ಮೀರದಲ್ಲಿ, ಅಲ್ಲಿಂದ 1909ರ ಹೊತ್ತಿಗೆ ಕುಲ್ಲು ಕಡೆಗೆ ಬಂದು ನೆಲೆಸಿದ ಸಂತತಿ ಇದು. ನಮಗೆ ಹತ್ತಿರದ ನೀಲಗಿರಿಯಲ್ಲಿ ಎಚ್.ಸಿ. ವಿಲ್ಸನ್ 1907ರಲ್ಲಿ ಅವಲಾಂಚಿಯಲ್ಲಿ ಮರಿಕೇಂದ್ರ ಕಟ್ಟಿ ಮಳೆಬಿಲ್ಲು ಟ್ರೌಟನ್ನು ಬೆಳೆಸಿದರು. ಹಿಮಾಲಯದ ಹೊಳೆಗಳು ಕಡಿದಾಗಿ ಧುಮ್ಮಿಕ್ಕುವಂಥವು. ನೀರು ಮುರಿದು ನೊರೆಯಾಗುವುದರಿಂದ ಮೀನಿಗೆ ನಮ್ಮನ್ನು ನೋಡಲೂ ಪುರುಸೊತ್ತಿಲ್ಲ, ಫ್ಲೈಯನ್ನು ಪರೀಕ್ಷಿಸಲೂ ಪುರುಸೊತ್ತಿಲ್ಲ. ಎಸೆತವೂ ಹತ್ತಿರದ್ದೇ. ಇಲ್ಲಿಗೆ ಏಳೂವರೆ ಅಡಿಯ ಲೀಡರ್, ತುದಿಗೆ 4ಎಕ್ಸ್ ಹೇಳಿ ಮಾಡಿಸಿದಂಥದ್ದು. ಬೇಸಿಗೆಯಲ್ಲಿ ಹಿಮ ಕರಗಿ ಹೊಳೆ ಬೂದಿಬಣ್ಣಕ್ಕೆ ತಿರುಗಿದಾಗ 3ಎಕ್ಸ್ ಕಟ್ಟಿದರೂ ನಡೆಯುತ್ತದೆ. ಇದಕ್ಕೆ ತದ್ವಿರುದ್ಧ ಕ್ಯಾಲಿಫೋರ್ನಿಯಾದ ಈಶಾನ್ಯ ಮೂಲೆಯ ಫಾಲ್ ರಿವರ್. ಅದು ನೆಲದಡಿಯ ಬುಗ್ಗೆಗಳಿಂದ ಹುಟ್ಟುವ ಹೊಳೆ, ಕನ್ನಡಿಯಂತೆ ತಿಳಿ, ಮೆಲ್ಲಗೆ ಹರಿಯುತ್ತದೆ, ತಳದ ಪಾಚಿಗಿಡಗಳೆಲ್ಲ ಕಾಣುತ್ತವೆ. ಅಲ್ಲಿ ದೋಣಿಯಲ್ಲಿ ಕೂತು ಹೊಳೆಯ ಹರಿವಿನ ದಿಕ್ಕಿಗೇ ಫ್ಲೈಯನ್ನು ತೇಲಿಬಿಡುತ್ತಾರೆ, ಮೀನಿಗೆ ಮೊದಲು ಫ್ಲೈ ತಲುಪಬೇಕು, ಎಳೆ ಆಮೇಲೆ. ಹನ್ನೆರಡಡಿಗೂ ಮಿಕ್ಕಿದ ಲೀಡರ್, 5ಎಕ್ಸ್ ಇಲ್ಲವೇ 6ಎಕ್ಸ್ ಅಲ್ಲಿ ಅಗತ್ಯ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಓದುಗರು ಅಲ್ಲಿಯ ಅಂಗಡಿಯಲ್ಲಿ ಕೊಂಡ ಲೀಡರ್‌ಗಳನ್ನೇ ರಜೆಗೆ ಬಂದಾಗ ತೀರ್ಥನ್‌ಗೂ ತರುತ್ತಾರೆ. ಅವು ಬಂಡೆಗಳ ನಡುವೆ ಹಿಡಿತಕ್ಕೇ ಸಿಗುವುದಿಲ್ಲ.

ಸಣ್ಣ ಎಳೆಯ ವಿರುದ್ಧ ನನಗಿರುವ ದೊಡ್ಡ ತಕರಾರು ಮೀನಿನ ಪರವಾಗಿ. ಹಿಡಿದು ಬಿಟ್ಟುಬಿಡುವುದು ಈಗ ಒಳ್ಳೆಯ ರೂಢಿಯಾಗಿ ಬೆಳೆದಿದೆ. ಆದರೆ ಬಿಟ್ಟ ಮೀನು ಬದುಕಿದರೆ ತಾನೇ ಬಿಟ್ಟದ್ದಕ್ಕೆ ಅರ್ಥ? 6ಎಕ್ಸ್‌ನಲ್ಲಿ ಸಿಕ್ಕ ದೊಡ್ಡ ಮೀನನ್ನು ಎಳೆ ಹರಿಯದಂತೆ ಬಹಳ ಹೊತ್ತು ಆಡಿಸಬೇಕಾಗುತ್ತದೆ. ಅಷ್ಟು ಹೊತ್ತು ಸೆಣಸಿದ ಟ್ರೌಟಿನ ಮಾಂಸಖಂಡಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ನೀರು ಬೆಚ್ಚಗಿದ್ದರಂತೂ ಅದರಲ್ಲಿ ಕರಗಿದ ಆಮ್ಲಜನಕವೂ ಕಡಿಮೆ. ಈಜಿಕೊಂಡು ಹೋದಂತೆ ಕಂಡರೂ ಅದು ಆಮೇಲೆ ಸಾಯಬಹುದು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟ್ ಗಾಳವನ್ನೇ ನಿಲ್ಲಿಸುವುದು ಸರಿಯಾದ ಪದ್ಧತಿ. 4ಎಕ್ಸ್ ಇದ್ದರೆ ರಾಡನ್ನು ಧೈರ್ಯವಾಗಿ ಬಗ್ಗಿಸಿ ಮೀನನ್ನು ಬೇಗ ಹತ್ತಿರಕ್ಕೆ ತರಬಹುದು, ಕೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಕೊಕ್ಕೆ ಬಿಡಿಸಬಹುದು. ಫ್ಲೈ ಸಹಜವಾಗಿ ತೇಲುವ ಮಟ್ಟಿಗೆ ಸಾಧ್ಯವಾದ ಅತಿ ದಪ್ಪ ಎಳೆ ಯಾವುದೋ ಅದನ್ನೇ ಕಟ್ಟಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಎಷ್ಟು ಒಳ್ಳೆಯ ಎಳೆ ತಂದರೂ ಅದು ಹರಿಯುವುದು ಗಂಟಿನಲ್ಲಿ. ಲೀಡರ್‌ಗೆ ಟಿಪ್ಪೆಟ್ ಸೇರಿಸಲು ಸರ್ಜನ್ ಗಂಟು ಕಲಿತರೆ ಬೇರೆ ಬೇಕಿಲ್ಲ. ಎರಡು ತುದಿಗಳನ್ನು ಅಕ್ಕಪಕ್ಕ ಗೇಣುದ್ದ ಜೋಡಿಸಿ, ಎರಡನ್ನೂ ಒಟ್ಟಿಗೆ ಹಿಡಿದು ಒಂದು ಕುಣಿಕೆ ಮಾಡಿ, ಆ ಕುಣಿಕೆಯೊಳಗೆ ಜೋಡಿ ಎಳೆಯನ್ನು ಮೂರು ಸಲ ತೂರಿಸಿ. ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡಿ. ಒಣ ಗಂಟನ್ನು ಬಿಗಿದರೆ ಉಜ್ಜಾಟದ ಬಿಸಿಗೆ ಎಳೆ ಅಲ್ಲೇ ಸೊರಗುತ್ತದೆ. ಒದ್ದೆಯಾದ ಮೇಲೆ ನಾಲ್ಕೂ ತುದಿಗಳನ್ನು ಸಮನಾಗಿ, ನಿಧಾನವಾಗಿ ಎಳೆಯಿರಿ. ಗಂಟು ಒಪ್ಪವಾಗಿ ಕೂತಿಲ್ಲವೆಂದರೆ ಕತ್ತರಿಸಿ ಮತ್ತೆ ಕಟ್ಟಿ, ಮೀನು ನಿಮಗಾಗಿ ಕಾಯುತ್ತದೆ. ಗಾಳಿಯಲ್ಲಿ ಬೀಸುವಾಗ ಟಿಪ್ಪೆಟ್ ಮೇಲೆ ತಾನಾಗಿ ಬೀಳುವ ಚಿಕ್ಕ ಗಂಟುಗಳ ಮೇಲೂ ಕಣ್ಣಿರಲಿ. ಅಂಥದ್ದೊಂದು ಬಿದ್ದರೆ ಎಳೆಯ ಬಲ ಅರ್ಧದಷ್ಟು ಹೋಯಿತೆಂದೇ ಲೆಕ್ಕ. ಆಗಾಗ ಟಿಪ್ಪೆಟ್ಟನ್ನು ಎರಡು ಬೆರಳ ನಡುವೆ ಜಾರಿಸಿ ನೋಡುವ ಅಭ್ಯಾಸ ಒಳ್ಳೆಯದು. ಪೊಟ್ಟಣದಿಂದ ತೆಗೆದ ಲೀಡರ್ ಸುರುಳಿ ಸುರುಳಿಯಾಗಿರುತ್ತದೆ, ಅದನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ಸಡಿಲಿಸಿಕೊಳ್ಳಬೇಕು. ನೈಲಾನ್ ಸ್ಪೂಲನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಇಡಬೇಡಿ. ಹಳೆಯ ಸ್ಪೂಲಿದ್ದರೆ ಹೊರಡುವ ಮುಂಚೆ ಮನೆಯಲ್ಲೇ ಒಂದು ಗಂಟು ಹಾಕಿ ಜಗ್ಗಿ ನೋಡಿ.

ಫ್ಲೈ ಲೀಡರ್ ನಮ್ಮ ಊರುಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಕಾದು ಕೂರಬೇಕಿಲ್ಲ. ಮೀನಿನ ಬಲೆ, ಗಾಳ ಮಾರುವಲ್ಲಿ ಒಳ್ಳೆಯ ಟಂಗೂಸಿ ದಾರ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. 0.50 ಮಿಲಿಮೀಟರಿನದು ಮೂರೂವರೆ ಅಡಿ, 0.40ರದು ಒಂದೂವರೆ ಅಡಿ, 0.30ರದು ಒಂದಡಿ, 0.24ರದು ಮುಕ್ಕಾಲು ಅಡಿ, ಕೊನೆಗೆ 0.18ರದು ಎರಡೂಕಾಲು ಅಡಿ. ಇಷ್ಟನ್ನು ಕ್ರಮವಾಗಿ ಗಂಟು ಹಾಕಿದರೆ ಒಂಬತ್ತಡಿಯ 4ಎಕ್ಸ್ ಲೀಡರ್ ಕೈಯಲ್ಲಿರುತ್ತದೆ. ಬುಡದಲ್ಲಿ ಒಂದು ಕುಣಿಕೆ ಮಾಡಿಕೊಂಡರೆ ಲೈನಿನ ಕುಣಿಕೆಗೆ ತೊಡಿಸಬಹುದು. ಗಂಟುಗಳಿಗೆ ಪಾಚಿ ಸಿಕ್ಕಿಕೊಳ್ಳುತ್ತದೆ ಎನ್ನುವುದು ಇದರ ಒಂದೇ ಕೊರತೆ. ಹಿಮಾಲಯದ ರಭಸದ ನೀರಿನಲ್ಲಿ ಆ ಕಾಟವೂ ಕಡಿಮೆ.

ಈ ಅಕ್ಟೋಬರ್‌ನಲ್ಲಿ ಬಾಡಿಗೆ ರಾಡು ಹಿಡಿದು ತೀರ್ಥನ್‌ಗೆ ಹೊರಟಿರುವ ಮೈಸೂರಿನ ಓದುಗರೊಬ್ಬರು ಜೇಬಿನಲ್ಲಿ ಏನೇನು ಇರಬೇಕು, ಚಿಕ್ಕದಾಗಿ ಹೇಳಿ ಎಂದು ಕೇಳಿದ್ದಾರೆ. ಏಳೂವರೆ ಅಡಿಯ ಲೀಡರ್ ಎರಡು, ಒಂಬತ್ತಡಿಯದು ಒಂದು, 4ಎಕ್ಸ್ ಮತ್ತು 5ಎಕ್ಸ್ ನೈಲಾನ್ ಸ್ಪೂಲ್ ಒಂದೊಂದು, ಉಗುರು ಕತ್ತರಿ, ಮೀನುಗಾರಿಕೆ ಇಲಾಖೆಯ ಪರವಾನಗಿ. ಅಕ್ಟೋಬರ್‌ನಲ್ಲಿ ನೀರು ತಿಳಿಯಾಗಿ ಇಳಿದಿರುತ್ತದೆ, ಮಡುಗಳಲ್ಲಿ ಒಂಬತ್ತಡಿಯ ಲೀಡರ್‌ಗೆ ಮೂರಡಿ 5ಎಕ್ಸ್ ಸೇರಿಸಿಕೊಳ್ಳಿ, ಬಂಡೆಗಳ ನಡುವೆ ಚಿಕ್ಕದರಲ್ಲೇ ಇರಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ತಿಂಗಳ ಕೊನೆಯ ಹೊತ್ತಿಗೆ ಕಂದು ಟ್ರೌಟುಗಳು ಮೊಟ್ಟೆಯಿಡಲು ಸಣ್ಣ ಜಲ್ಲಿಯ ಜಾಗ ಹುಡುಕಿಕೊಂಡು ಬರತೊಡಗುತ್ತವೆ. ಅಂಥ ಆಳವಿಲ್ಲದ ಜಲ್ಲಿಯಲ್ಲಿ ಜೋಡಿ ಮೀನು ಕಂಡರೆ ಅಲ್ಲಿ ಗಾಳ ಹಾಕಬೇಡಿ, ಕಾಲಿಟ್ಟು ದಾಟಲೂ ಬೇಡಿ, ದಡ ಹತ್ತಿ ಸುತ್ತಿಬಳಸಿ ಮುಂದಿನ ಮಡುವಿಗೆ ಹೋಗಿ.